ಓದುಗರ ಪ್ರಶ್ನೆ, ಗಣಿತಜ್ಞರ ಉತ್ತರ: ಗೋಳಗಳನ್ನು ಒತ್ತಾಗಿ ಜೋಡಿಸುವ ಲೆಕ್ಕ

ಒಂದೇ ಗಾತ್ರದ ಗೋಳಗಳನ್ನು ಆದಷ್ಟು ಕಡಿಮೆ ಜಾಗ ಪೋಲಾಗುವಂತೆ ಜೋಡಿಸುವುದು ಹೇಗೆ ಎಂಬ ಸಮಸ್ಯೆಯ ಬಗ್ಗೆ ಬಂದಿರುವ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಸಮಸ್ಯೆ ಹಳೆಯದು. ಆದರೆ 2016ರಿಂದ ಈಚೆಗೆ ಅದು ಮತ್ತೆ ಶುದ್ಧ ಗಣಿತದ ಮುಂಚೂಣಿಗೆ ಬಂದಿದೆ, ಭೌತಶಾಸ್ತ್ರದೊಂದಿಗೂ ನಂಟು ಬೆಳೆಸಿಕೊಂಡಿದೆ.

ಪ್ರಶ್ನೆ: ಸಂತೆಯಲ್ಲಿ ಮೋಸಂಬಿ ಮಾರುವವರೆಲ್ಲ ರಾಶಿಯನ್ನು ಒಂದೇ ರೀತಿ ಒಟ್ಟುತ್ತಾರೆ. ಅದಕ್ಕಿಂತ ಒಳ್ಳೆಯ ಜೋಡಣೆ ಇಲ್ಲ ಎಂದು ಸಾಧಿಸಲು ಸುಮಾರು ನಾನೂರು ವರ್ಷ ಬೇಕಾಯಿತಂತೆ. ಅಷ್ಟು ಕಷ್ಟ ಎಲ್ಲಿತ್ತು? (ಹಾವೇರಿಯ ಓದುಗರು)

ಮೊದಲು ಲೆಕ್ಕ ನೋಡೋಣ. ರಾಶಿಯ ಒಳಗೆ ಒಂದು ಘನವನ್ನು ಕಲ್ಪಿಸಿಕೊಳ್ಳಿ. ಅದರ ಎಂಟು ಮೂಲೆಗಳಲ್ಲಿ ಒಂದೊಂದು ಗೋಳದ ಕೇಂದ್ರ, ಆರು ಮುಖಗಳ ನಟ್ಟನಡುವೆ ಒಂದೊಂದು. ಮೂಲೆಯ ಗೋಳದ ಎಂಟನೇ ಒಂದು ಪಾಲು ಘನದ ಒಳಗಿರುತ್ತದೆ, ಮುಖದ ಗೋಳದ ಅರ್ಧ. ಒಟ್ಟು 1 + 3, ಅಂದರೆ 4 ಗೋಳ. ಮುಖದ ಕರ್ಣದ ಉದ್ದಕ್ಕೂ ಗೋಳಗಳು ಒಂದಕ್ಕೊಂದು ತಾಗಿರುತ್ತವೆ. ತ್ರಿಜ್ಯ 1 ಎಂದುಕೊಂಡರೆ ಕರ್ಣ 4, ಬಾಹು 2√2, ಘನದ ಘನಫಲ 16√2. ನಾಲ್ಕು ಗೋಳಗಳ ಘನಫಲ 16ಪೈ/3. ಭಾಗಿಸಿದರೆ ಪೈ/(3√2), ಅಂದರೆ ಸುಮಾರು 0.7405. ಒಟ್ಟು ಜಾಗದಲ್ಲಿ ಗೋಳಗಳು ತುಂಬುವ ಈ ಪಾಲಿಗೆ ಸಾಂದ್ರತೆ ಎನ್ನುತ್ತಾರೆ. ಗೋಳದ ನೆತ್ತಿಯ ಮೇಲೆ ಗೋಳ ಬರುವಂತೆ ನೇರವಾಗಿ ಇಟ್ಟರೆ ಸಿಗುವುದು 0.5236. ಡಬ್ಬಿಗೆ ಸುಮ್ಮನೆ ಸುರಿದು ಅಲುಗಾಡಿಸಿದರೆ 0.64ರ ಆಸುಪಾಸು. ಚೌಕದ ತಳದ ರಾಶಿಗೂ ತ್ರಿಕೋನದ ತಳದ ರಾಶಿಗೂ ಒಳಗಿನ ರಚನೆ ಒಂದೇ, ನೋಡುವ ಕೋನ ಮಾತ್ರ ಬೇರೆ.

0.7405 ಸಾಧ್ಯ ಎಂದು ತೋರಿಸಲು ಒಂದು ರಾಶಿ ಸಾಕು. ಅದಕ್ಕಿಂತ ಹೆಚ್ಚು ಸಾಧ್ಯವೇ ಇಲ್ಲ ಎನ್ನಬೇಕಾದರೆ ಯಾರೂ ಇನ್ನೂ ಯೋಚಿಸಿರದ ಅಡ್ಡಾದಿಡ್ಡಿ ಜೋಡಣೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಈ ಅಂಕಣದ ಎಲ್ಲ ಉತ್ತರಗಳ ಹಿಂದೆಯೂ ಇರುವುದು ಈ ಮೇಲ್ಮಿತಿಯ ಕಷ್ಟವೇ. ಕೆಪ್ಲರ್ 1611ರಲ್ಲಿ ಊಹೆಯನ್ನು ಮುಂದಿಟ್ಟ. 1831ರಲ್ಲಿ ಗೌಸ್, ಕೇಂದ್ರಗಳು ಕ್ರಮಬದ್ಧ ಜಾಲಕದಲ್ಲಿದ್ದರೆ (ಒಂದೇ ವಿನ್ಯಾಸ ಎಲ್ಲ ಕಡೆಗೂ ಮರುಕಳಿಸುವ ಬಿಂದುಗಳ ಬಲೆಯಲ್ಲಿದ್ದರೆ) ಊಹೆ ನಿಜ ಎಂದು ಸಾಧಿಸಿದ. ಕ್ರಮವಿಲ್ಲದ ಜೋಡಣೆಗಳು ಹಾಗೇ ಉಳಿದವು.

ಅವು ಯಾಕೆ ಕಾಡುತ್ತವೆ ಎಂದರೆ, ಒಂದೇ ಒಂದು ಗೋಳದ ಸುತ್ತಮುತ್ತ ಮಾತ್ರ ನೋಡಿದರೆ ಮೋಸಂಬಿ ರಾಶಿಯನ್ನು ಮೀರಿಸಲು ಬರುತ್ತದೆ. ನಡುವಿನ ಗೋಳಕ್ಕೆ ಹನ್ನೆರಡು ಗೋಳಗಳನ್ನು ಸಮನಾದ ಅಂತರದಲ್ಲಿ ತಾಗಿಸಿ. ಆಗ ನಡುವಿನ ಗೋಳದ ಪಾಲಿಗೆ ಬರುವ ಜಾಗ ಹನ್ನೆರಡು ಪಂಚಭುಜ ಮುಖಗಳ ಆಕೃತಿ, ಅದರೊಳಗಿನ ಸಾಂದ್ರತೆ 0.7547. ಆದರೆ ಅಂಥ ಆಕೃತಿಗಳನ್ನು ಸಂದಿಯಿಲ್ಲದೆ ಪಕ್ಕಪಕ್ಕ ಕೂರಿಸಲು ಬರುವುದಿಲ್ಲ. ಇಲ್ಲಿ ಗಳಿಸಿದ್ದನ್ನು ಪಕ್ಕದಲ್ಲಿ ಕಳೆದುಕೊಳ್ಳುತ್ತೇವೆ. ಎಷ್ಟು ಕಳೆದುಕೊಳ್ಳುತ್ತೇವೆ ಎಂಬುದನ್ನು ಎಲ್ಲ ಸಂದರ್ಭಗಳಿಗೂ ಲೆಕ್ಕ ಹಾಕುವುದೇ ಕಷ್ಟದ ಕೆಲಸ.

ಥಾಮಸ್ ಹೇಲ್ಸ್ ಇದನ್ನು 1998ರಲ್ಲಿ, ವಿದ್ಯಾರ್ಥಿ ಸ್ಯಾಮ್ಯುಯಲ್ ಫರ್ಗುಸನ್ ನೆರವಿನೊಂದಿಗೆ, ಕಂಪ್ಯೂಟರ್ ಬಳಸಿ ಮುಗಿಸಿದರು. ಸುಮಾರು 5,000 ಬಗೆಯ ವಿನ್ಯಾಸಗಳು, ಒಂದು ಲಕ್ಷದಷ್ಟು ರೇಖೀಯ ಪ್ರೋಗ್ರಾಮಿಂಗ್ ಲೆಕ್ಕಗಳು. ಹನ್ನೆರಡು ಪರಿಶೀಲಕರ ತಂಡ ವರ್ಷಗಟ್ಟಲೆ ಕೂತು ಕೊನೆಗೆ 'ಶೇ. 99ರಷ್ಟು ಖಚಿತ' ಎಂದಿತು. ಲೇಖನ 2005ರಲ್ಲಿ ಪ್ರಕಟವಾಯಿತು. ಉಳಿದ ಆ ಒಂದು ಪಾಲಿಗಾಗಿ ಹೇಲ್ಸ್ ಪ್ರತಿ ಹೆಜ್ಜೆಯನ್ನೂ ಕಂಪ್ಯೂಟರೇ ತರ್ಕದ ಮೂಲನಿಯಮಗಳಿಂದ ಪರೀಕ್ಷಿಸುವ ಯೋಜನೆ ಶುರುಮಾಡಿದರು. ಅದು ಮುಗಿದದ್ದು 2014ರ ಆಗಸ್ಟ್ 10ರಂದು. ನಮ್ಮ ಮಟ್ಟಿಗೆ ಸಮಸ್ಯೆ ಬಗೆಹರಿದ ದಿನ ಅದೇ.

ಪ್ರಶ್ನೆ: ಎಂಟು ಆಯಾಮದ ಗೋಳ ಎಂದರೆ ಏನು? ಕಣ್ಣಿಗೆ ಕಾಣದ್ದನ್ನು ಜೋಡಿಸುವುದು ಹೇಗೆ? (ತೀರ್ಥಹಳ್ಳಿಯ ಓದುಗರು)

ಚಿತ್ರ ಬಿಡಿಸುವ ಆಸೆಯನ್ನು ಬಿಟ್ಟು ಸಂಖ್ಯೆಗಳನ್ನು ಹಿಡಿಯಿರಿ. ಎಂಟು ಆಯಾಮದ ಒಂದು ಬಿಂದು ಎಂದರೆ ಎಂಟು ಸಂಖ್ಯೆಗಳ ಪಟ್ಟಿ. ಎರಡು ಬಿಂದುಗಳ ದೂರ ಬೇಕಾದರೆ ಒಂದೊಂದು ಸ್ಥಾನದ ವ್ಯತ್ಯಾಸ ತೆಗೆದು, ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯಿರಿ. ಹೈಸ್ಕೂಲಿನ ಪೈಥಾಗೊರಸ್ ಪ್ರಮೇಯವೇ, ಪದಗಳು ಎಂಟು. ಕೇಂದ್ರದಿಂದ ನಿಗದಿತ ದೂರದೊಳಗಿರುವ ಎಲ್ಲ ಬಿಂದುಗಳೂ ಸೇರಿ ಗೋಳ.

ಈಗ ಜೋಡಣೆ. ಎಂಟೂ ಪೂರ್ಣಾಂಕಗಳಾಗಿದ್ದು ಅವುಗಳ ಮೊತ್ತ ಸಮಸಂಖ್ಯೆಯಾಗುವ ಬಿಂದುಗಳನ್ನೆಲ್ಲ ಕೇಂದ್ರಗಳಾಗಿ ತೆಗೆದುಕೊಳ್ಳಿ. ಯಾವ ಎರಡು ಕೇಂದ್ರಗಳ ದೂರವೂ √2ಕ್ಕಿಂತ ಕಡಿಮೆಯಾಗದು, ಹಾಗಾಗಿ ತ್ರಿಜ್ಯ √2/2. ಈ ಜೋಡಣೆಯಲ್ಲಿ ದೊಡ್ಡ ಕುಳಿಗಳಿವೆ. ಎಂಟೂ ಸ್ಥಾನಗಳಲ್ಲಿ 1/2 ಇರುವ ಬಿಂದುವನ್ನೇ ನೋಡಿ. ಅದಕ್ಕೆ ಅತಿ ಹತ್ತಿರದ ಕೇಂದ್ರದ ದೂರ: 1/4 ಎಂಟು ಸಲ, ಮೊತ್ತ 2, ವರ್ಗಮೂಲ √2. ಬೇಕಾದದ್ದೂ ಅಷ್ಟೇ! ಎಂದರೆ ಇಡೀ ಜೋಡಣೆಯ ಇನ್ನೊಂದು ನಕಲನ್ನು ಆ ಕುಳಿಗಳಲ್ಲಿ ಕೂರಿಸಬಹುದು, ಸಾಂದ್ರತೆ ಒಮ್ಮೆಲೇ ಎರಡರಷ್ಟಾಗುತ್ತದೆ. ಏಳು ಆಯಾಮದಲ್ಲಿ ಇದೇ ಲೆಕ್ಕ ಮಾಡಿದರೆ ದೂರ ಸುಮಾರು 1.32, √2ಕ್ಕಿಂತ ಕಡಿಮೆ, ನಕಲು ಹಿಡಿಸದು. ಒಂಬತ್ತರಲ್ಲಿ 1.5, ಹಿಡಿಸುತ್ತದೆ ಆದರೆ ಸಡಿಲ. ಎರಡನೇ ನಕಲನ್ನು ಅತ್ತಿತ್ತ ಜಾರಿಸಿದರೂ ಸಾಂದ್ರತೆ ಬದಲಾಗದು. ಎಂಟರಲ್ಲಿ ಮಾತ್ರ ಬಿಗಿಯಾಗಿ ಕೂರುತ್ತದೆ. ಹೀಗೆ ಸಿಗುವ ಜಾಲಕಕ್ಕೆ ಇ8 ಎಂದು ಹೆಸರು.

ಅದರಲ್ಲಿ ಒಂದು ಗೋಳಕ್ಕೆ ಎಷ್ಟು ಗೋಳ ತಾಗುತ್ತವೆ? ಎರಡು ಸ್ಥಾನಗಳಲ್ಲಿ +1 ಅಥವಾ −1, ಉಳಿದ ಕಡೆ ಸೊನ್ನೆ ಇರುವ ಬಿಂದುಗಳು 28 × 4 = 112. ಎಲ್ಲ ಸ್ಥಾನಗಳಲ್ಲೂ +1/2 ಅಥವಾ −1/2 ಇದ್ದು ಋಣಚಿಹ್ನೆಗಳ ಎಣಿಕೆ ಸಮವಾಗಿರುವ ಬಿಂದುಗಳು 128. ಒಟ್ಟು 240. ಮೊದಲ ಸಲ ಲೆಕ್ಕ ಮಾಡುವವರು ಸಾಮಾನ್ಯವಾಗಿ ಎಡವುವುದು ಇಲ್ಲೇ: ಋಣಚಿಹ್ನೆಗಳ ಷರತ್ತನ್ನು ಮರೆತರೆ 128ರ ಬದಲು 256 ಬರುತ್ತದೆ. ಆಗ ಒಂದೇ ಚಿಹ್ನೆಯಲ್ಲಿ ಬೇರೆಯಾದ ಎರಡು ಬಿಂದುಗಳ ದೂರ 1ಕ್ಕೆ ಇಳಿದು ಗೋಳಗಳು ಒಂದರೊಳಗೊಂದು ನುಗ್ಗುತ್ತವೆ.

ಈ ಜಾಲಕದಲ್ಲಿ ಒಂದು ಗೋಳದ ಪಾಲಿಗೆ ಬರುವ ಜಾಗದ ಘನಫಲ ಸರಿಯಾಗಿ 1. ಎಂಟು ಆಯಾಮದಲ್ಲಿ ಗೋಳದ ಘನಫಲ ಪೈ⁴/24ನ್ನು ತ್ರಿಜ್ಯದ ಎಂಟನೇ ಘಾತದಿಂದ ಗುಣಿಸಿದಷ್ಟು. ತ್ರಿಜ್ಯ √2/2 ಆದ್ದರಿಂದ ಎಂಟನೇ ಘಾತ 1/16. ಸಾಂದ್ರತೆ ಪೈ⁴/384, ಸುಮಾರು 0.2537. ಮುಕ್ಕಾಲು ಪಾಲು ಖಾಲಿ, ಆದರೂ ಇದಕ್ಕಿಂತ ಒತ್ತಾಗಿ ಜೋಡಿಸಲು ಬಾರದು.

ಪ್ರಶ್ನೆ: ಮರೀನಾ ವಿಯಾಜೊವ್‌ಸ್ಕಾ ಅವರಿಗೆ 2022ರ ಫೀಲ್ಡ್ಸ್ ಪದಕ ತಂದ ಕೆಲಸವನ್ನು ಗಣಿತ ಓದಿದವರಿಗೆ ಅರ್ಥವಾಗುವಂತೆ ವಿವರಿಸುತ್ತೀರಾ? 4, 5 ಆಯಾಮಗಳಿಗೆ ಸಿಗದ ಉತ್ತರ 8ಕ್ಕೆ ಮತ್ತು 24ಕ್ಕೆ ಹೇಗೆ ಸಿಕ್ಕಿತು? ಇದರಲ್ಲಿ ರಾಮಾನುಜನ್ ಹೆಸರೂ ಬರುತ್ತದಂತೆ, ನಿಜವೇ? (ಧಾರವಾಡದ ಗಣಿತ ಉಪನ್ಯಾಸಕರೊಬ್ಬರು)

ಹೇಲ್ಸ್ ಹಿಡಿದದ್ದು ಸಂದರ್ಭಗಳನ್ನು ಒಂದೊಂದಾಗಿ ಜಾಲಾಡುವ ದಾರಿ. ಎಂಟು ಆಯಾಮದಲ್ಲಿ ಅದು ಅಸಾಧ್ಯ, ಸಂದರ್ಭಗಳ ಎಣಿಕೆ ಕೈಮೀರುತ್ತದೆ. ಬೇರೆ ದಾರಿಯನ್ನು 2003ರಲ್ಲಿ ತೆರೆದವರು ಹೆನ್ರಿ ಕೋನ್ ಮತ್ತು ನೋಮ್ ಎಲ್ಕೀಸ್. ಅವರ ವಾದದ ತಿರುಳು ಇದು.

ಮೂರು ಗುಣಗಳಿರುವ ಒಂದು ಫಂಕ್ಷನ್ ಬೇಕು. ಮೂಲಬಿಂದುವಿನಲ್ಲಿ ಅದರ ಬೆಲೆಯೂ ಅದರ ಫೂರಿಯರ್ ರೂಪಾಂತರದ (ಅದನ್ನು ಅಲೆಗಳಾಗಿ ಬಿಡಿಸಿದಾಗ ಸಿಗುವ ಫಂಕ್ಷನ್ನಿನ) ಬೆಲೆಯೂ 1 ಆಗಿರಬೇಕು. ಮೂಲದಿಂದ ಒಂದು ನಿಗದಿತ ದೂರದಾಚೆಗೆ ಫಂಕ್ಷನ್ ಎಲ್ಲಿಯೂ ಧನವಾಗಿರಬಾರದು. ರೂಪಾಂತರ ಎಲ್ಲಿಯೂ ಋಣವಾಗಿರಬಾರದು. ಇಂಥದ್ದು ಸಿಕ್ಕಿತೆಂದುಕೊಳ್ಳಿ. ಕನಿಷ್ಠ ಅಂತರ ಆ ನಿಗದಿತ ದೂರವೇ ಆಗಿರುವ ಯಾವುದೇ ಜಾಲಕ ತೆಗೆದುಕೊಂಡು ಪ್ವಾಸ್ಸಾನ್ ಸಂಕಲನ ಸೂತ್ರ ಬಳಸಿ. ಜಾಲಕದ ಬಿಂದುಗಳ ಮೇಲೆ ಫಂಕ್ಷನ್ನಿನ ಮೊತ್ತ ಒಂದು ಕಡೆ. ದ್ವಂದ್ವ ಜಾಲಕದ ಮೇಲೆ ರೂಪಾಂತರದ ಮೊತ್ತ, ಏಕಮಾನ ಘನಫಲದಲ್ಲಿರುವ ಬಿಂದುಗಳ ಎಣಿಕೆಯಿಂದ ಗುಣಿಸಿಕೊಂಡು, ಇನ್ನೊಂದು ಕಡೆ. ಎಡಗಡೆಯಲ್ಲಿ ಮೂಲಬಿಂದುವನ್ನು ಬಿಟ್ಟು ಉಳಿದ ಪದಗಳು ಯಾವುವೂ ಧನವಲ್ಲ, ಆದ್ದರಿಂದ ಮೊತ್ತ 1ನ್ನು ಮೀರದು. ಬಲಗಡೆಯಲ್ಲಿ ಉಳಿದ ಪದಗಳು ಯಾವುವೂ ಋಣವಲ್ಲ, ಮೊತ್ತ ಆ ಎಣಿಕೆಗಿಂತ ಕಡಿಮೆಯಾಗದು. ಎಂದ ಮೇಲೆ ಏಕಮಾನ ಘನಫಲದಲ್ಲಿ ಒಂದಕ್ಕಿಂತ ಹೆಚ್ಚು ಬಿಂದು ಇರಲು ಸಾಧ್ಯವಿಲ್ಲ. ಸ್ವಲ್ಪ ಬದಲಿಸಿದರೆ ಇದೇ ವಾದ ಜಾಲಕವಲ್ಲದ ಜೋಡಣೆಗಳಿಗೂ ಹೊಂದುತ್ತದೆ.

ಎಂಟು ಆಯಾಮದಲ್ಲಿ ಆ ನಿಗದಿತ ದೂರ ಸರಿಯಾಗಿ √2 ಆಗುವಂಥ ಫಂಕ್ಷನ್ ಸಿಕ್ಕರೆ ಕೆಲಸ ಮುಗಿಯಿತು, ಏಕೆಂದರೆ ಇ8ರಲ್ಲಿ ಏಕಮಾನ ಘನಫಲಕ್ಕೆ ಒಂದು ಬಿಂದು ಈಗಾಗಲೇ ಇದೆ. ಕಂಪ್ಯೂಟರಿನಲ್ಲಿ ಹುಡುಕಿದಾಗ ಕೋನ್ ಮತ್ತು ಎಲ್ಕೀಸ್ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ಹತ್ತಿರ ಬಂದರು. ಹತ್ತಿರ ಬರುವುದು ಬೇರೆ, ಮುಟ್ಟುವುದು ಬೇರೆ. ನಿಖರವಾದ ಫಂಕ್ಷನ್ ಹದಿಮೂರು ವರ್ಷ ಯಾರ ಕೈಗೂ ಸಿಗಲಿಲ್ಲ.

ಅದು ಎಲ್ಲೆಲ್ಲಿ ಸೊನ್ನೆಯಾಗಬೇಕು ಎಂಬುದು ಮಾತ್ರ ಮೊದಲೇ ಗೊತ್ತಿತ್ತು. ಮೇಲಿನ ವಾದದಲ್ಲಿ ಎಲ್ಲೂ ಸಡಿಲ ಉಳಿಯಬಾರದಾದರೆ ಇ8ರ ಎಲ್ಲ ದೂರಗಳಲ್ಲೂ, ಅಂದರೆ √2, √4, √6 ಹೀಗೆ, ಫಂಕ್ಷನ್ನೂ ಅದರ ರೂಪಾಂತರವೂ ಸೊನ್ನೆಯಾಗಲೇಬೇಕು. ಚಿಹ್ನೆ ಬದಲಾಗಬಾರದ ಕಡೆ ಆ ಸೊನ್ನೆಗಳು ಜೋಡಿ ಸೊನ್ನೆಗಳಾಗಿರಬೇಕು. ತೊಡಕು ಇದು: ಫಂಕ್ಷನ್ನಿನ ಸೊನ್ನೆಗಳನ್ನು ಹತೋಟಿಗೆ ತರುವುದು ಸುಲಭ, ಆದರೆ ಹಾಗೆ ಮಾಡಿದ ಕೂಡಲೇ ರೂಪಾಂತರ ಹತೋಟಿ ತಪ್ಪುತ್ತದೆ. ರೂಪಾಂತರವನ್ನು ಸರಿಪಡಿಸಹೊರಟರೆ ಫಂಕ್ಷನ್ ಕೆಡುತ್ತದೆ.

ವಿಯಾಜೊವ್‌ಸ್ಕಾ ಇದನ್ನು ಎರಡು ಭಾಗ ಮಾಡಿದರು. ಒಂದು ಭಾಗ ಫೂರಿಯರ್ ರೂಪಾಂತರದಲ್ಲಿ ಬದಲಾಗದೆ ಉಳಿಯುತ್ತದೆ, ಇನ್ನೊಂದರ ಚಿಹ್ನೆ ಮಾತ್ರ ಬದಲಾಗುತ್ತದೆ. ಎರಡನ್ನೂ ಸೈನ್ ವರ್ಗ (ಪೈ ಗುಣಿಸು ದೂರದ ವರ್ಗ ಭಾಗಿಸು 2) ಎಂಬ ಪದ ಮತ್ತು ಒಂದು ಅನುಕಲನ ಇವೆರಡರ ಗುಣಲಬ್ಧವಾಗಿ ಬರೆದರು. ಸೈನ್ ವರ್ಗವು ಬೇಕಾದ ದೂರಗಳಲ್ಲೆಲ್ಲ ಜೋಡಿ ಸೊನ್ನೆ ಕೊಡುತ್ತದೆ. √2ರಲ್ಲಿ ಮಾತ್ರ ಫಂಕ್ಷನ್ನಿಗೆ ಒಂಟಿ ಸೊನ್ನೆ ಸಾಕು. ಅಲ್ಲಿ ಹೆಚ್ಚಾದ ಸೊನ್ನೆಯನ್ನು ಅನುಕಲನದ ಅನಂತತೆ ಕಳೆಯುತ್ತದೆ. ಇನ್ನು ಅನುಕಲನದೊಳಗೆ ಏನನ್ನು ಇಟ್ಟರೆ ರೂಪಾಂತರವೂ ಸರಿಹೋಗುತ್ತದೆ? ಉತ್ತರ: ಬಹಳ ಸಮ್ಮಿತಿಯುಳ್ಳ ವಿಶೇಷ ಫಂಕ್ಷನ್‌ಗಳಾದ ಮಾಡ್ಯುಲರ್ ಫಾರ್ಮ್‌ಗಳು ಮತ್ತು ಅವುಗಳ ಸಮೀಪಬಂಧುಗಳಾದ ಕ್ವಾಸಿಮಾಡ್ಯುಲರ್ ಫಾರ್ಮ್‌ಗಳು.

ರಾಮಾನುಜನ್ ಹೆಸರು ಬರುವುದು ಇಲ್ಲಿ, ಮತ್ತು ಅದು ಅಲಂಕಾರಕ್ಕಲ್ಲ. ಮೊದಲ ಭಾಗಕ್ಕೆ ಬಳಸಿದ ಮೂರು ಐಸೆನ್‌ಸ್ಟೈನ್ ಶ್ರೇಣಿಗಳನ್ನು ರಾಮಾನುಜನ್ 1916ರ ಲೇಖನದಲ್ಲಿ ಪಿ, ಕ್ಯೂ, ಆರ್ ಎಂದು ಕರೆದು, ಅವುಗಳ ಅವಕಲನಗಳು ಮತ್ತೆ ಅವೇ ಮೂರರ ಬಹುಪದಗಳಾಗುತ್ತವೆ ಎಂದು ತೋರಿಸಿದ್ದರು. ಪಿ ಶ್ರೇಣಿ ಪೂರ್ತಿ ಮಾಡ್ಯುಲರ್ ಅಲ್ಲ, ಸಣ್ಣ ಕೊರತೆಯೊಂದಿದೆ. ಆ ಕೊರತೆಯಿಂದಲೇ ಇಲ್ಲಿ ಕೆಲಸ ಕೂಡಿಬಂತು.

ಲೇಖನ, ಸಂಶೋಧಕರು ತಮ್ಮ ಬರಹಗಳನ್ನು ಹಾಕುವ ಆರ್ಕೈವ್ (arXiv) ತಾಣಕ್ಕೆ ಬಂದದ್ದು 2016ರ ಮಾರ್ಚ್ 14ರಂದು. ಒಂದೇ ವಾರದಲ್ಲಿ ಕೋನ್, ಅಭಿನವ್ ಕುಮಾರ್, ಸ್ಟೀಫನ್ ಮಿಲ್ಲರ್ ಮತ್ತು ಡ್ಯಾನಿಲೋ ರಾಡ್ಚೆಂಕೊ ಅವರೊಂದಿಗೆ ಸೇರಿ ವಿಯಾಜೊವ್‌ಸ್ಕಾ 24 ಆಯಾಮಕ್ಕೂ ಉತ್ತರ ಕೊಟ್ಟರು. ಅಲ್ಲಿ ಗೆದ್ದದ್ದು ಲೀಚ್ ಜಾಲಕ: ಒಂದು ಗೋಳಕ್ಕೆ 1,96,560 ಗೋಳಗಳು ತಾಗುತ್ತವೆ, ಸಾಂದ್ರತೆ ಸುಮಾರು 0.00193.

ಉಳಿದ ಆಯಾಮಗಳಲ್ಲಿ ಈ ವಿಧಾನದ ಮೇಲ್ಮಿತಿ ಮತ್ತು ಗೊತ್ತಿರುವ ಜೋಡಣೆಗಳ ನಡುವೆ ಬಿರುಕು ಇದೆ. ನಾಲ್ಕು ಆಯಾಮದಲ್ಲಿ ಗೊತ್ತಿರುವ ಅತ್ಯುತ್ತಮ ಜೋಡಣೆಯ ಸಾಂದ್ರತೆ 0.6169, ಈ ವಿಧಾನ ಕೊಡುವ ಮಿತಿ 0.6477. ಮೂರು ಆಯಾಮದಲ್ಲಿ 0.7405ಕ್ಕೆ ಎದುರಾಗಿ 0.7797. ಸಮತಲದಲ್ಲಿ ಮಾತ್ರ ನಿಖರವಾದ ಫಂಕ್ಷನ್ ಇರಲೇಬೇಕು ಎಂದು ಎಲ್ಲ ಲೆಕ್ಕಗಳೂ ಸೂಚಿಸುತ್ತವೆ, ಆದರೆ ಅದನ್ನು ಯಾರೂ ಕಂಡುಹಿಡಿದಿಲ್ಲ. ಸಮತಲದ ಉತ್ತರ ಬೇರೆ ದಾರಿಯಿಂದ ಬಹಳ ಹಿಂದೆಯೇ ಸಿಕ್ಕಿದ್ದರೂ ಈ ಫಂಕ್ಷನ್ ಇನ್ನೂ ಕಣ್ಣುತಪ್ಪಿಸುತ್ತಿರುವುದು ನಮಗೆ ಈ ಕ್ಷೇತ್ರದ ಅತಿ ಆಕರ್ಷಕ ಪ್ರಶ್ನೆಗಳಲ್ಲೊಂದು.

ಪ್ರಶ್ನೆ: ಇದರಿಂದ ಏನಾದರೂ ಪ್ರಯೋಜನವಿದೆಯೇ? (ಬಳ್ಳಾರಿಯ ಓದುಗರು)

ಇದೆ. ಸಂಕೇತ ಕಳಿಸುವಾಗ ಪ್ರತಿ ಸಂದೇಶವನ್ನೂ ಬಹು ಆಯಾಮದ ಒಂದು ಬಿಂದು ಎಂದುಕೊಂಡರೆ, ದಾರಿಯಲ್ಲಿ ಸೇರುವ ಗದ್ದಲ ಆ ಬಿಂದುವನ್ನು ಸ್ವಲ್ಪ ಸರಿಸುತ್ತದೆ. ಬಿಂದುಗಳ ಸುತ್ತಲಿನ ಗೋಳಗಳು ಒಂದನ್ನೊಂದು ಮುಟ್ಟದಿದ್ದರೆ ಮೂಲ ಸಂದೇಶ ಯಾವುದೆಂದು ಹೇಳಬಹುದು. ಗೋಳಗಳು ಒತ್ತಾಗಿದ್ದಷ್ಟೂ ಹೆಚ್ಚು ಸಂದೇಶ. ಲೀಚ್ ಜಾಲಕಕ್ಕೆ ಬುನಾದಿಯಾದ 24 ಬಿಟ್‌ಗಳ ಗೊಲೇ ಕೋಡ್ ಅನ್ನು ವಾಯೇಜರ್ ನೌಕೆಗಳು ಗುರು ಮತ್ತು ಶನಿಯ ಬಣ್ಣದ ಚಿತ್ರಗಳನ್ನು ಕಳಿಸಲು ಬಳಸಿದ್ದವು. ಅದರಲ್ಲಿ 12 ಬಿಟ್ ಮಾಹಿತಿ, 12 ಬಿಟ್ ಕಾವಲು. 24ರಲ್ಲಿ ಯಾವುದೇ ಮೂರು ಬಿಟ್ ಕೆಟ್ಟರೂ ಸರಿಪಡಿಸಬಹುದು. ನಾಲ್ಕು ಕೆಟ್ಟರೆ ಕೆಟ್ಟಿದೆ ಎಂಬುದು ಮಾತ್ರ ತಿಳಿಯುತ್ತದೆ.

ಪ್ರಶ್ನೆ: ಗೋಳ ಜೋಡಣೆಗೂ ಕ್ವಾಂಟಮ್ ಗುರುತ್ವಕ್ಕೂ ಸಂಬಂಧವಿದೆ ಎಂದು ಕೇಳಿದೆ. ಉತ್ಪ್ರೇಕ್ಷೆಯಲ್ಲವೇ? (ಬೆಂಗಳೂರಿನ ಭೌತಶಾಸ್ತ್ರ ವಿದ್ಯಾರ್ಥಿನಿ)

ಉತ್ಪ್ರೇಕ್ಷೆಯಲ್ಲ, ಆದರೆ ಸಂಬಂಧ ಎಲ್ಲಿಯವರೆಗೆ ಎಂಬುದನ್ನು ತಿಳಿದಿರಬೇಕು. ಎರಡು ಆಯಾಮದ ಕನ್ಫಾರ್ಮಲ್ ಕ್ಷೇತ್ರ ಸಿದ್ಧಾಂತದಲ್ಲಿ ಎಲ್ಲ ಸ್ಥಿತಿಗಳ ಮೊತ್ತ ಮಾಡ್ಯುಲರ್ ಸಮ್ಮಿತಿಯನ್ನು ಪಾಲಿಸಬೇಕು. ಆ ಒಂದು ಷರತ್ತಿನಿಂದಲೇ ಅತಿ ಕೆಳಗಿನ ಉದ್ರಿಕ್ತ ಸ್ಥಿತಿಯ ಶಕ್ತಿಗೆ ಮೇಲ್ಮಿತಿ ಸಿಗುತ್ತದೆ. ಇದಕ್ಕೆ ಬೂಟ್‌ಸ್ಟ್ರಾಪ್ ವಿಧಾನ ಎನ್ನುತ್ತಾರೆ. 2019ರಲ್ಲಿ ಹಾರ್ಟ್‌ಮನ್, ಮಜಾಚ್ ಮತ್ತು ರಸ್ತೆಲ್ಲಿ ಒಂದು ನಿರ್ದಿಷ್ಟ ಸಮ್ಮಿತಿಯ ಸಿದ್ಧಾಂತಗಳಲ್ಲಿ ಈ ಮಿತಿಯ ಲೆಕ್ಕವೂ ಕೋನ್–ಎಲ್ಕೀಸ್ ಲೆಕ್ಕವೂ ಅಕ್ಷರಶಃ ಒಂದೇ ಎಂದು ತೋರಿಸಿದರು. ಪ್ರತಿ ಸಿದ್ಧಾಂತಕ್ಕೂ ಕೇಂದ್ರೀಯ ಆವೇಶ ಎಂಬ ಒಂದು ಸಂಖ್ಯೆಯಿದೆ, ಅದರ ಎರಡರಷ್ಟು ಗೋಳಗಳ ಆಯಾಮ. ಹಾಗಾಗಿ 8 ಮತ್ತು 24 ಇಲ್ಲಿ 4 ಮತ್ತು 12 ಆಗಿ ಕಾಣಿಸಿಕೊಳ್ಳುತ್ತವೆ. ಇಂಥ ಸಿದ್ಧಾಂತಗಳು ಮೂರು ಆಯಾಮದ ಗುರುತ್ವದ ಮಾದರಿಗಳಿಗೆ ಪ್ರತಿರೂಪವಾದ್ದರಿಂದ 'ಕ್ವಾಂಟಮ್ ಗುರುತ್ವ' ಎಂಬ ಮಾತು. ನಮ್ಮ ವಿಶ್ವದ ಗುರುತ್ವದ ಬಗ್ಗೆ ಇದು ನೇರವಾಗಿ ಏನನ್ನೂ ಹೇಳುವುದಿಲ್ಲ.

ಪ್ರಶ್ನೆ: ಆಯಾಮ ಸಾವಿರಗಟ್ಟಲೆ ಆದಾಗ ಏನಾಗುತ್ತದೆ? (ಮಂಗಳೂರಿನ ಓದುಗರು)

ಮೇಲಿನ ಮಿತಿಗೂ ಕೆಳಗಿನ ಮಿತಿಗೂ ನಡುವೆ ಅಗಾಧ ಅಂತರ ಉಳಿಯುತ್ತದೆ. ಸಾವಿರ ಆಯಾಮ ತೆಗೆದುಕೊಂಡು ಸ್ಥೂಲವಾಗಿ ಹೇಳುವುದಾದರೆ, 1978ರ ಕಬಟ್ಯಾನ್ಸ್ಕಿ–ಲೆವೆನ್‌ಶ್ಟೈನ್ ಮೇಲ್ಮಿತಿಯ ಪ್ರಕಾರ ಸಾಂದ್ರತೆ 2ರ −599ನೇ ಘಾತಕ್ಕಿಂತ ಹೆಚ್ಚಿರಲಾರದು. ಇದೆ ಎಂದು ಸಾಧಿಸಲಾಗಿರುವ ಜೋಡಣೆಗಳು ಇರುವುದು 2ರ −1000ನೇ ಘಾತದ ಆಸುಪಾಸು. 1947ರಲ್ಲಿ ರೋಜರ್ಸ್ ಆ ಕೆಳಮಿತಿಯನ್ನು ಆಯಾಮಕ್ಕೆ ಅನುಪಾತದಲ್ಲಿ ಹೆಚ್ಚಿಸಿದ್ದರು. ಅಲ್ಲಿಂದ ಏಳು ದಶಕಕ್ಕೂ ಹೆಚ್ಚು ಕಾಲ ಸುಧಾರಣೆಗಳು ಬಹಳ ಚಿಕ್ಕವು. 2023ರ ಕೊನೆಗೆ ಕಾಂಪೋಸ್, ಜೆನ್ಸನ್, ಮಿಶೆಲೆನ್, ಸಹಸ್ರಬುದ್ಧೆ ಎಂಬ ನಾಲ್ವರು ಗ್ರಾಫ್ ಸಿದ್ಧಾಂತದ ಯಾದೃಚ್ಛಿಕ ವಿಧಾನದಿಂದ ಇನ್ನೂ ಆಯಾಮದ ಲಾಗರಿದಮ್‌ನಷ್ಟು ಮೇಲಕ್ಕೆ ಒಯ್ದರು. 2025ರಲ್ಲಿ ಬೊವಾಜ್ ಕ್ಲಾರ್ಟಾಗ್, ಯಾದೃಚ್ಛಿಕವಾಗಿ ಹಿಗ್ಗುವ ದೀರ್ಘಗೋಳವೊಂದನ್ನು ಜಾಲಕದ ಬಿಂದುಗಳು ತಡೆಯುವವರೆಗೆ ಬೆಳೆಸುವ ಉಪಾಯದಿಂದ, ಆಯಾಮದ ವರ್ಗದಷ್ಟು ಗಳಿಕೆ ತಂದರು. ಸ್ಥಿರಾಂಕಗಳನ್ನು ಬದಿಗಿಟ್ಟರೆ ಸಾವಿರ ಆಯಾಮದಲ್ಲಿ ಅದು ಹತ್ತು ಲಕ್ಷ ಪಟ್ಟು, ಅಂದರೆ −1000 ಇದ್ದದ್ದು −980 ಆಗುತ್ತದೆ. −599 ಇನ್ನೂ ದೂರವೇ ಇದೆ.

ಪ್ರಶ್ನೆ: ಬಿ.ಎಸ್‌ಸಿ. ಮುಗಿಸುತ್ತಿದ್ದೇನೆ. ವಿಯಾಜೊವ್‌ಸ್ಕಾ ಅವರ ಲೇಖನವನ್ನು ನಾನೇ ಓದಬೇಕು. ಎಲ್ಲಿಂದ ಶುರುಮಾಡಲಿ? (ಮೈಸೂರಿನ ವಿದ್ಯಾರ್ಥಿ)

ಲೇಖನ ಇಪ್ಪತ್ತೈದು ಪುಟದ ಆಸುಪಾಸು ಅಷ್ಟೇ, ಧೈರ್ಯವಾಗಿ ಹಿಡಿಯಿರಿ. ಮೊದಲು ರೇಖೀಯ ಬೀಜಗಣಿತದಿಂದ ಜಾಲಕ, ಅದರ ದ್ವಂದ್ವ, ಡಿಟರ್ಮಿನಂಟ್. ನಂತರ ಫೂರಿಯರ್ ರೂಪಾಂತರ, ಪ್ವಾಸ್ಸಾನ್ ಸೂತ್ರದವರೆಗೆ. ಇಷ್ಟಾದರೆ ಕೋನ್–ಎಲ್ಕೀಸ್ ಲೇಖನದ ಮೊದಲ ಭಾಗ ಓದಬಹುದು. ಆಮೇಲೆ ಸಂಕೀರ್ಣ ವಿಶ್ಲೇಷಣೆ. ಅನುಕಲನದ ದಾರಿಯನ್ನು ಬದಲಿಸುವುದರಲ್ಲಿ ಕೈ ಪಳಗಬೇಕು, ಏಕೆಂದರೆ ಹೆಚ್ಚಿನವರು ನಿಂತುಬಿಡುವುದು ಅಲ್ಲಿ. ಕೊನೆಗೆ ಮಾಡ್ಯುಲರ್ ಫಾರ್ಮ್.

ಮುಂದೆ ಹೋಗುವ ಮೊದಲು ಒಂದು ಲೆಕ್ಕವನ್ನು ಕೈಯಾರೆ ಮಾಡಿ. ರಾಮಾನುಜನ್‌ರ ಕ್ಯೂ ಶ್ರೇಣಿಯ ಗುಣಕಗಳು 1, 240, 2160, 6720 ಹೀಗೆ ಸಾಗುತ್ತವೆ. ಎರಡನೆಯದು ಇ8ರಲ್ಲಿ ಒಂದು ಗೋಳಕ್ಕೆ ತಾಗುವ ಗೋಳಗಳ ಎಣಿಕೆ ಎಂಬುದನ್ನು ಗಮನಿಸಿದಿರಿ. ಮೂರನೆಯದು ಮೂಲದಿಂದ 2 ದೂರದಲ್ಲಿರುವ ಬಿಂದುಗಳ ಎಣಿಕೆ ಆಗಬೇಕು. ಒಂದು ಸ್ಥಾನದಲ್ಲಿ ±2 ಇರುವವು 16. ನಾಲ್ಕು ಸ್ಥಾನಗಳಲ್ಲಿ ±1 ಇರುವವು 70 × 16 = 1120. ಒಂದು ಸ್ಥಾನದಲ್ಲಿ ±3/2, ಉಳಿದ ಏಳರಲ್ಲಿ ±1/2 ಇರುವವು, ಮೊತ್ತ ಸಮವಾಗಬೇಕಾದ್ದರಿಂದ, 8 × 128 = 1024. ಕೂಡಿಸಿದರೆ 2160. ಹೀಗೆಯೇ 6720ನ್ನೂ ಎಣಿಸಿ ನೋಡಿ. ಇ8ರ ಬಿಂದುಗಳಿಗೂ ಮಾಡ್ಯುಲರ್ ಫಾರ್ಮ್‌ಗಳಿಗೂ ಇರುವ ಸಂಬಂಧ ಆಗ ಬೆರಳ ತುದಿಗೆ ಬರುತ್ತದೆ.

ಪ್ರಶ್ನೆ: ನಾಲ್ಕು ಆಯಾಮದ ಗೋಳ ಜೋಡಣೆಗೆ ಸಾಧನೆ ಬರೆದಿದ್ದೇನೆ. ಎಲ್ಲಿಗೆ ಕಳಿಸಲಿ? (ವಿಜಯಪುರದ ನಿವೃತ್ತ ಶಿಕ್ಷಕರು)

ಕಳಿಸುವ ಮೊದಲು ಮೂರು ಪರೀಕ್ಷೆ ಮಾಡಿ. ನಿಮ್ಮ ವಾದದಲ್ಲಿ 4ರ ಜಾಗದಲ್ಲಿ 3 ಇಟ್ಟು ನೋಡಿ. ಒಂದು ಗೋಳದ ಸುತ್ತಲಿನ ಜಾಗ ಮಾತ್ರ ಬಳಸಿ ಮೂರು ಆಯಾಮದಲ್ಲೂ 0.7405ರ ಮಿತಿ ಸಿಕ್ಕಿಬಿಟ್ಟರೆ ವಾದದಲ್ಲಿ ತಪ್ಪಿದೆ, ಮೇಲೆ ಹೇಳಿದ 0.7547ರ ಆಕೃತಿ ಅದನ್ನು ಮುರಿಯುತ್ತದೆ. ಎರಡನೆಯದಾಗಿ, ಕೇಂದ್ರಗಳು ಜಾಲಕದಲ್ಲಿವೆ ಎಂದು ಗೊತ್ತಿಲ್ಲದೆಯೇ ಎಲ್ಲಾದರೂ ಊಹಿಸಿಕೊಂಡಿದ್ದೀರಾ ನೋಡಿ. ನಾಲ್ಕು ಆಯಾಮದ ಜಾಲಕಗಳಿಗೆ ಉತ್ತರ ಬಹಳ ಹಿಂದೆಯೇ ಸಿಕ್ಕಿದೆ, ಕ್ರಮವಿಲ್ಲದ ಜೋಡಣೆಗಳಿಗೆ ಮಾತ್ರ ಸಿಕ್ಕಿಲ್ಲ. ಮೂರನೆಯದು, 'ಸ್ಪಷ್ಟವಾಗಿಯೇ' ಎಂದು ಬರೆದಿರುವ ಪ್ರತಿ ಸಾಲಿಗೂ ಗುರುತು ಹಾಕಿ, ಅಲ್ಲಿ ಪೂರ್ತಿ ವಾದ ಬರೆಯಲು ಕೂತುಕೊಳ್ಳಿ. ತಪ್ಪುಗಳು ಅಡಗುವುದು ಬಹುತೇಕ ಅಲ್ಲೇ.

ಮೂರನ್ನೂ ದಾಟಿದರೆ ಗಣಿತ ಬರೆಯುವ ತಂತ್ರಾಂಶವಾದ ಲೇಟೆಕ್‌ನಲ್ಲಿ ಟೈಪ್ ಮಾಡಿ, ಮೊದಲ ಪುಟದಲ್ಲೇ ಪ್ರಮೇಯದ ಪೂರ್ಣ ಹೇಳಿಕೆಯನ್ನೂ ವಾದದಲ್ಲಿ ಹೊಸದೇನು ಎಂಬುದನ್ನೂ ಬರೆಯಿರಿ. ಆರ್ಕೈವ್‌ನಲ್ಲಿ ಮೊದಲ ಬಾರಿ ಹಾಕುವವರಿಗೆ ಅದೇ ವಿಭಾಗದಲ್ಲಿ ಈಗಾಗಲೇ ಬರೆಯುತ್ತಿರುವವರ ಅನುಮೋದನೆ ಬೇಕಾಗುತ್ತದೆ. ಹತ್ತಿರದ ವಿಶ್ವವಿದ್ಯಾಲಯದ ಗಣಿತ ವಿಭಾಗದಲ್ಲಿ ಜ್ಯಾಮಿತಿ ಅಥವಾ ಸಂಖ್ಯಾಸಿದ್ಧಾಂತದವರನ್ನು ಕೇಳಿ. ಇಡೀ ಹಸ್ತಪ್ರತಿಯನ್ನು ಒಮ್ಮೆಗೇ ಕಳಿಸಿದರೆ ಓದುವವರು ಸಿಗುವುದು ಕಷ್ಟ. ಅತಿ ನಿರ್ಣಾಯಕವಾದ ಒಂದು ಉಪಪ್ರಮೇಯವನ್ನು ಎರಡು ಪುಟದಲ್ಲಿ ಬರೆದು, ಅದೊಂದನ್ನು ಪರೀಕ್ಷಿಸಿಕೊಡಿ ಎಂದು ಕೇಳಿದರೆ ಉತ್ತರ ಬರುವ ಸಾಧ್ಯತೆ ಹೆಚ್ಚು.